ಕಳೆದದ್ದು, ಸಿಕ್ಕಿದ್ದು

ಸ್ಕಾರ್ಬರೊ. ಏಪ್ರಿಲ್. ಕಡಲು ಇನ್ನೂ ಬೂದು.
ದಿಬ್ಬದ ಮೇಲಿನ ಹಳೇ ಹೋಟೆಲಿನಲ್ಲಿ
ಲಿಫ್ಟಿಗೂ ಕೋಟು ತೂಗುಹಾಕುವ ಕೋಣೆಗೂ ನಡುವೆ
ನನ್ನ ಮೇಜು.
ಮೇಲೊಂದು ರಟ್ಟು: ಕಳೆದದ್ದು, ಸಿಕ್ಕಿದ್ದು.
ಮೂವತ್ತೊಂದು ವರ್ಷ ಬಸ್ಸು ಓಡಿಸಿದವಳು ನಾನು;
ಜನ ಸೀಟಿನಡಿ ಬಿಟ್ಟುಹೋಗುವುದನ್ನೆಲ್ಲ ಕಂಡವಳು.
ಛತ್ರಿ, ಹಲ್ಲಿನ ಸೆಟ್ಟು,
ಒಮ್ಮೆ ಜೀವಂತ ಏಡಿ.

ಇಲ್ಲಿಯ ಲೆಕ್ಕವೇ ಬೇರೆ.
ಶುಕ್ರವಾರ ಮಧ್ಯಾಹ್ನದೊಳಗೆ ಪುಸ್ತಕದಲ್ಲಿ ಬರೆದಾಗಿತ್ತು:
ಚೂಪು ಕಿವಿ, ರಬ್ಬರಿನದು, ಒಂದೇ, ಎಡಗಡೆಯದು.
ಡ್ರ್ಯಾಗನ್ನಿನ ಬಾಲ, ಮೆಟ್ಟಿಲ ತಿರುವಿನಲ್ಲಿ, ತುಳಿದ ಗುರುತು ಸಹಿತ.
ಮರದ ಸೌಟು, ಮಂತ್ರದಂಡವಿರಬಹುದು.
ಇರಲಿಲ್ಲ. ಅಡುಗೆಮನೆಯ ನೀಲ್ ಬಂದು ಬೈದು ಒಯ್ದ.
ಗ್ರಹಗಳ ನಕಾಶೆ, ಚಹಾ ಚೆಲ್ಲಿ
ಎಂಟನೆಯದರ ಆಚೆ ಹೊಸದೊಂದು ಮೂಡಿದೆ.

ನನ್ನದು ಒಂದೇ ನಿಯಮ:
ವಸ್ತು ಹೇಗಿತ್ತೆಂದು ಹೇಳಬೇಕು, ಆಮೇಲೆ ಕೊಡುತ್ತೇನೆ.
ರಾಜಕುಮಾರನಾದರೂ ಸರಿ, ರೋಬೋ ಆದರೂ ಸರಿ.
ಆಗ ನೋಡಬೇಕು ಅವರ ಮುಖ:
ಬ್ಯಾಂಕಿನ ಗುಮಾಸ್ತ, ಹೊಟ್ಟೆಗೆ ತಗಡು ಬಿಗಿದುಕೊಂಡವ,
"ಕತ್ತಿ ನೀಲಿ. ಹಿಡಿಯ ಹತ್ತಿರ ಮಗಳ ಹಲ್ಲಿನ ಗುರುತು"
ಎನ್ನುವಾಗ ದನಿ ತಗ್ಗಿಸುತ್ತಾನೆ,
ವೈದ್ಯರೆದುರು ಅಂಗಿ ಬಿಚ್ಚಿದವನ ಹಾಗೆ.

ಪ್ರತಿ ವರ್ಷ ಶನಿವಾರ ಸಂಜೆ, ವೇಷಗಳ ಮೆರವಣಿಗೆಗೆ ಮುಂಚೆ,
ಅಲನ್ ಥ್ರೆಲ್ಫಾಲ್ ಬರುತ್ತಾನೆ. ವೇಷವಿಲ್ಲ, ಕಂದು ಸ್ವೆಟರು.
"ಕೆಂಪು ಗ್ಲೌಸು ಒಂದು ಸಿಕ್ಕಿದೆಯೇ?
ಎಡಗೈಯದು. ಹೆಬ್ಬೆರಳಲ್ಲಿ ಎಳೆ ಬಿಟ್ಟಿದೆ."
ಕಳೆದದ್ದು ಈ ಹೋಟೆಲಿನಲ್ಲಲ್ಲ, ಈ ಊರಲ್ಲೂ ಅಲ್ಲ;
ಲೀಡ್ಸಿನ ಸಮ್ಮೇಳನದಲ್ಲಿ, ಇಪ್ಪತ್ತೆರಡು ವರ್ಷದ ಹಿಂದೆ.
ಹೆಣೆದವಳು ಯಾರೆಂದು ಅವನು ಹೇಳಿಲ್ಲ, ನಾನು ಕೇಳಿಲ್ಲ.
ಪಕ್ಕದ ಹಾಲಿನಲ್ಲಿ ಕಾಲಯಾನದ ಬಗ್ಗೆ
ಮೈಕಿಗಾಗಿ ಕಿತ್ತಾಟ ನಡೆದಿರುವಾಗ
ಇದು ಯಾವ ದೊಡ್ಡ ಬೇಡಿಕೆ?
ಪುಸ್ತಕ ತೆಗೆಯುತ್ತೇನೆ. ನಟನೆಯಲ್ಲ;
ಬೆರಳಿಟ್ಟು ಒಂದೊಂದು ಸಾಲೂ ಓದುತ್ತೇನೆ.
"ಈ ವರ್ಷ ಇಲ್ಲ, ಅಲನ್."
"ಪರವಾಗಿಲ್ಲ," ಎಂದು ಬಾರಿನ ಕಡೆ ನಡೆಯುತ್ತಾನೆ.

ಈ ಸಲ ಬಂದವನು ಕೇಳಲಿಲ್ಲ.
ಜೇಬಿನಿಂದ ಬಲಗೈಯದನ್ನು ತೆಗೆದು ಮೇಜಿನ ಮೇಲಿಟ್ಟ.
"ಸಿಕ್ಕಿದ್ದು ಅಂತ ಬರೆದುಕೋ."
ಎಲ್ಲಿ ಸಿಕ್ಕಿತು? ಆ ಖಾನೆ ತುಂಬಬೇಕಲ್ಲ.
ಬಹಳ ಹೊತ್ತು ಯೋಚಿಸಿದ.
"ನನ್ನ ಹತ್ತಿರ."
ಹಾಗೇ ಬರೆದೆ.

ಭಾನುವಾರ ಹುಡುಗಿಯೊಬ್ಬಳು, ಒಂಬತ್ತಿರಬಹುದು,
ಬಿಸ್ಕತ್ತಿನ ಡಬ್ಬಿಯ ಮುಚ್ಚಳಗಳೇ ಎದೆಕವಚ,
ಎಡಗೈಗೆ ಬಿಸಿ ಪಾತ್ರೆ ಇಳಿಸುವ ದಪ್ಪ ಗ್ಲೌಸು, ಹಸಿರು.
ಬಲಗೈ ಬರಿದು.
"ನನ್ನ ಇನ್ನೊಂದು ಕಳೆದುಹೋಯಿತು."
ಯಾವ ಬಣ್ಣ?
ನನ್ನ ಮುಖ ನೋಡಿದಳು. ಪೆಟ್ಟಿಗೆಯೊಳಗೆ ನೋಡಿದಳು.
"ಕೆಂಪು."
ಯಾವ ಕೈಯದು?
ಬರಿಗೈ ಎತ್ತಿದಳು, ಪ್ರಮಾಣ ಮಾಡುವವಳಂತೆ.
ನಿಯಮದ ಪ್ರಕಾರ ಎರಡೂ ಉತ್ತರ ಸರಿ.
ನಿಯಮ ಮಾಡಿದವಳು ನಾನೇ; ಇನ್ನೊಂದು ಮೂರನೆಯ ಪ್ರಶ್ನೆ
ಕೇಳಬಹುದಿತ್ತು. ಕೇಳಲಿಲ್ಲ.
ಬೆರಳ ತುದಿಗಳೆಲ್ಲ ಜೋತುಬಿದ್ದವು ಅವಳ ಕೈಯಲ್ಲಿ.
ಸಹಿ ಹಾಕಿದಳು: ಕ್ಯಾಪ್ಟನ್ ಬ್ರೈನಿ.
ವಿಳಾಸ: ಶನಿಯಿಂದ ಎಡಕ್ಕೆ.

ಮುಕ್ತಾಯದ ಸಭೆಯಲ್ಲಿ ಅಲನ್ ಅದನ್ನು ಕಂಡನೋ ಇಲ್ಲವೋ.
ಆರುನೂರು ಜನ, ಅರ್ಧಕ್ಕರ್ಧ ಕೊಂಬಿನವರು,
ಮುಂದಿನವರ ರೆಕ್ಕೆಯಿಂದ ನನಗೆ ವೇದಿಕೆಯೇ ಕಾಣಲಿಲ್ಲ.

ಸೋಮವಾರ ಬೆಳಿಗ್ಗೆ ರತ್ನಗಂಬಳಿಯ ಮೇಲೆ
ಧೂಳು ಹೀರುವ ಯಂತ್ರದ ಗದ್ದಲ.
ಉಳಿದದ್ದು ಎಡಗಿವಿ ಒಂದೇ. ಜೇಬಿಗೆ ಹಾಕಿಕೊಂಡು
ವಿಟ್ಬಿಯ ಬಸ್ಸು ಹತ್ತಿದೆ. ಡ್ರೈವರ್ ಎಳೆಯ ಹುಡುಗ,
ತಿರುವುಗಳನ್ನು ಪರವಾಗಿಲ್ಲ ಎನ್ನುವಂತೆ ತೆಗೆದುಕೊಂಡ.
ಇಳಿಯುವಾಗ, ಹಳೇ ಚಾಳಿ, ಸೀಟಿನಡಿ ಬಗ್ಗಿ ನೋಡಿದೆ.
ಒಂದು ಟಿಕೆಟು.
ಯಾರ ಮೈಯಿಂದಲೋ ಉದುರಿದ ಒಂದಿಷ್ಟು ಮಿನುಗು.